ಹದ ನೋಡುವ ಕಣ್ಣು

ಹೋದ ವರ್ಷ ಜನವರಿಯ ಒಂದು ಸಂಜೆ ನನ್ನ ತಂಗಿ ನಾಲ್ಕು ಹಾಳೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಅವಳು ಮೈಸೂರಿನ ಒಂದು ಬಡಾವಣೆಯಲ್ಲಿ ಮಹಿಳಾ ಸಮಾಜದವರು ನಡೆಸುವ ಶಿಶುವಿಹಾರದಲ್ಲಿ ಉಪಾಧ್ಯಾಯಿನಿ. ಶಿಶುವಿಹಾರವನ್ನು ಮುಗಿಸಿ ಒಂದನೆಯ ತರಗತಿಗೆ ಹೋಗಲಿರುವ ಮಕ್ಕಳು ಅದಕ್ಕೆ ಸಿದ್ಧರಾಗಿದ್ದಾರೆಯೇ ಎಂಬುದನ್ನು ತರಗತಿಯಲ್ಲಿ ಗಮನಿಸಿ ತುಂಬಬೇಕಾದ ಪಟ್ಟಿ ಅದು. ಎಡಗಡೆ ಮಗುವಿನಲ್ಲಿ ಇರಬೇಕಾದ ಗುಣಗಳು. ಬಲಗಡೆ ಎರಡು ಮನೆಗಳು, ಒಂದು 'ಹೌದು', ಇನ್ನೊಂದು 'ಇಲ್ಲ'. ಎಲ್ಲವೂ ಇಂಗ್ಲಿಷಿನಲ್ಲಿ. "ನೀನು ಕನ್ನಡದ ಮೇಷ್ಟ್ರು. ಇದನ್ನು ಕನ್ನಡಕ್ಕೆ ಮಾಡಿಕೊಡು. ನಿನಗೆ ಒಂದು ಗಂಟೆಯ ಕೆಲಸ" ಎಂದಳು.

ಒಂದು ವಾರವಾದರೂ ನಾನು ಮೊದಲನೆಯ ಪದವನ್ನೇ ದಾಟಿರಲಿಲ್ಲ. ಇಂಗ್ಲಿಷಿನವರು 'ರೆಡಿನೆಸ್' ಎನ್ನುವುದಕ್ಕೆ ನಾವು ಏನೆನ್ನಬೇಕು? 'ಸಿದ್ಧತೆ' ಎಂದರೆ ನಿಘಂಟು ಒಪ್ಪುತ್ತದೆ. ಆದರೆ ಸಿದ್ಧತೆ ಎಂದೊಡನೆ ಪರೀಕ್ಷೆಯ ಸಿದ್ಧತೆ, ಮದುವೆಯ ಸಿದ್ಧತೆ, ಯುದ್ಧದ ಸಿದ್ಧತೆ ನೆನಪಿಗೆ ಬರುತ್ತವೆ. ಅದು ಮಾಡಿಕೊಳ್ಳುವವನ ಹೊಣೆ. ಮಾಡಿಕೊಳ್ಳದಿದ್ದರೆ ಅವನದೇ ತಪ್ಪು. ಐದು ವರ್ಷದ ಮಗು ಯಾವುದಕ್ಕೆ ತಾನೇ ಸಿದ್ಧತೆ ಮಾಡಿಕೊಂಡೀತು? 'ಅರ್ಹತೆ' ಎಂದರೆ ಬಾಗಿಲಲ್ಲಿ ಕಾವಲುಗಾರ ನಿಂತಂತಾಗುತ್ತದೆ. 'ಪಕ್ವತೆ' ಎಂದರೆ ಮಗು ಮಾವಿನಕಾಯಿಯಾಗುತ್ತದೆ. ಕೊನೆಗೆ ಹೊಳೆದದ್ದು ನಮ್ಮ ರೈತರು ದಿನವೂ ಆಡುವ ಎರಡಕ್ಷರದ ಮಾತು: ಹದ.

ನನ್ನ ಹುಟ್ಟೂರು ಮಂಡ್ಯದ ಕಡೆ. ಮಳೆ ಬಿದ್ದು ಒಂದೆರಡು ದಿನ ಕಳೆದ ಮೇಲೆ ನನ್ನ ಅಜ್ಜ ಹೊಲಕ್ಕೆ ಹೋಗಿ, ಹಿಡಿ ಮಣ್ಣು ತೆಗೆದುಕೊಂಡು, ಅಂಗೈಯಲ್ಲಿ ಒತ್ತಿ ಬಿಡುತ್ತಿದ್ದರು. ಅಂಟಿಕೊಂಡು ನಿಂತರೆ ತೇವ ಹೆಚ್ಚು. ಪುಡಿಯಾಗಿ ಉದುರಿದರೆ ಕಡಮೆ. ನಡುವಣ ಒಂದು ಸ್ಥಿತಿಯಲ್ಲಿ "ಹದ ಬಂದಿದೆ" ಎನ್ನುತ್ತಿದ್ದರು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನೂ ಹಾಗೆಯೇ. ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳುಗಳ ನಡುವೆ ಉರುಳಿಸಿ ನೋಡುತ್ತಾನೆ. ಗಡಿಯಾರ ನೋಡಿ ಹೇಳುವುದು ಅವನಿಂದ ಆಗದು. ಇದರಲ್ಲಿ ಒಂದು ಮಾತನ್ನು ಗಮನಿಸಬೇಕು. ಬಿತ್ತನೆಯ ಹದವೆಂಬುದು ನೆಲಕ್ಕೆ ಬರುವಂಥದು, ಬೀಜಕ್ಕೆ ಬರುವಂಥದಲ್ಲ. ಬೀಜವನ್ನೂ ಅಜ್ಜ ಆರಿಸುತ್ತಿದ್ದರು, ನಿಜ. ಆದರೆ ಪೈರು ಮೇಲೇಳದಿದ್ದಾಗ ಅವರು ಮೊದಲು ವಿಚಾರಿಸುತ್ತಿದ್ದುದು ನೆಲವನ್ನು, ನೀರನ್ನು, ಬಿತ್ತಿದ ತಮ್ಮ ಕೈಯನ್ನು.

ಪದವೇನೋ ಸಿಕ್ಕಿತು. ಆದರೆ ಮಕ್ಕಳ ನಡುವೆ ಹದ ನೋಡುವುದೆಂದರೇನೆಂದು ಕಣ್ಣಾರೆ ಕಾಣದೆ ಅನುವಾದಿಸುವುದು ಸರಿಯಲ್ಲವೆಂದು ತೋರಿತು. ಕಾಲೇಜಿಗೆ ಸೆಮಿಸ್ಟರಿನ ನಡುವಣ ಬಿಡುವು ಇತ್ತು. ಮುಖ್ಯೋಪಾಧ್ಯಾಯಿನಿಯರ ಅಪ್ಪಣೆ ಪಡೆದು ಆರು ದಿನ ಬೆಳಗ್ಗೆ ಶಿಶುವಿಹಾರದ ಮೂಲೆಯಲ್ಲಿ ಒಂದು ಪುಟ್ಟ ಕುರ್ಚಿಯ ಮೇಲೆ ಮೊಣಕಾಲನ್ನು ಎದೆಯವರೆಗೆ ತಂದುಕೊಂಡು ಕುಳಿತೆ. ಇಪ್ಪತ್ತಾರು ಮಕ್ಕಳು. ಅವರಲ್ಲಿ ಒಬ್ಬ ಹುಡುಗನ ಮೇಲೆ ನನ್ನ ಕಣ್ಣು ನೆಟ್ಟಿತು. ಎರಡು ಬೀದಿಯಾಚೆ ಕಟ್ಟುತ್ತಿದ್ದ ಒಂದು ದೊಡ್ಡ ಮನೆಯ ಕಾವಲುಗಾರನ ಮಗ. ಪಟ್ಟಿ ಕೈಯಲ್ಲಿತ್ತು, ಅಭ್ಯಾಸಕ್ಕೆಂದು ಅವನ ವಿಷಯವಾಗಿ ಅದನ್ನು ತುಂಬತೊಡಗಿದೆ.

ಎರಡು ದಿನದಲ್ಲಿ ಬಲಗಡೆಯ ಮನೆಗಳು ತುಂಬಿದವು. ಹೆಸರು ಕೇಳಿದರೆ ಹೇಳುತ್ತದೆಯೇ? ಇಲ್ಲ. ಗುಂಪಿನ ಹಾಡಿನಲ್ಲಿ ಸೇರುತ್ತದೆಯೇ? ಇಲ್ಲ. ಒಟ್ಟಿಗೆ ಹೇಳಿದ ಎರಡು ಕೆಲಸಗಳನ್ನು ಕ್ರಮವಾಗಿ ಮಾಡುತ್ತದೆಯೇ? ಇಲ್ಲ. ಚಿತ್ರದ ಕಾರ್ಡುಗಳಲ್ಲಿ ಜೋಡಿಯನ್ನು ಗುರುತಿಸುತ್ತದೆಯೇ? ಇಲ್ಲ. ಕೆಳಗೆ ಷರಾ ಬರೆಯಲು ಸ್ಥಳವಿತ್ತು. ಅಲ್ಲಿ ನನ್ನ ದುಂಡಕ್ಷರದಲ್ಲಿ ಬರೆದೆ: 'ಮಂಕು ಹುಡುಗ. ಮಾತು ಬೆಳೆದಿಲ್ಲ. ಆಸಕ್ತಿ ಇಲ್ಲ. ಇನ್ನೊಂದು ವರ್ಷ ಇಲ್ಲಿಯೇ ಇರುವುದು ಒಳ್ಳೆಯದು.' ಇಪ್ಪತ್ತು ವರ್ಷ ಪಾಠ ಹೇಳಿದವನ ಅನುಭವವೆಲ್ಲ ಆ ನಾಲ್ಕು ವಾಕ್ಯಗಳಲ್ಲಿ ಇಳಿದಿದೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ತಂಗಿ ಅದನ್ನು ಓದಿ ಕೋಪಿಸಿಕೊಳ್ಳಲಿಲ್ಲ. "ಇದರಲ್ಲಿ ನೀನು ಕಂಡದ್ದು ಯಾವುದು?" ಎಂದು ಕೇಳಿದಳು. "ಎಲ್ಲವೂ" ಎಂದೆ. "ಮಂಕುತನ ಕಣ್ಣಿಗೆ ಕಾಣುವುದಿಲ್ಲ. ಆಸಕ್ತಿ ಇಲ್ಲದಿರುವುದೂ ಕಾಣುವುದಿಲ್ಲ. ಅವನು ಏನು ಮಾಡಿದ, ಏನು ಆಡಿದ, ಎಷ್ಟು ಹೊತ್ತಿನಲ್ಲಿ, ಎಲ್ಲಿ, ಯಾರ ಜೊತೆ, ಅಷ್ಟನ್ನೇ ಬರೆ. ನಿನಗೆ ಏನನ್ನಿಸಿತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದುಕೊ, ಅದು ನಿನ್ನ ವಿಷಯ, ಅವನದಲ್ಲ" ಎಂದಳು. ಮತ್ತೆ ಹೇಳಿದಳು: ಒಂದೇ ಹೊತ್ತಿನಲ್ಲಿ ನೋಡಬಾರದು, ಬರುವಾಗ, ಆಡುವಾಗ, ಉಣ್ಣುವಾಗ, ಕಥೆ ಕೇಳುವಾಗ, ಮನೆಗೆ ಹೊರಡುವಾಗ ನೋಡಬೇಕು. ಒಬ್ಬರೇ ನೋಡಬಾರದು. ಮಗುವನ್ನು ಕರೆದು ನಿಲ್ಲಿಸಿ ನೋಡಿದರೆ ಮಗು ಕಾಣುವುದಿಲ್ಲ, ಮಗುವಿನ ಭಯ ಕಾಣುತ್ತದೆ.

ಕನ್ನಡದ ಅಧ್ಯಾಪಕನಿಗೆ ಇದು ಹೊಸ ಪಾಠವಾಗಬಾರದಿತ್ತು. ವಿಶೇಷಣವು ವಸ್ತುವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಆಡುವವನನ್ನು ಹೇಳುತ್ತದೆ ಎಂದು ನಾನೇ ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದೇನೆ. ಪುಸ್ತಕದಲ್ಲಿ ತಿಳಿದದ್ದು ಮಗುವಿನ ಮುಂದೆ ಮರೆತುಹೋಯಿತು.

ಹೀಗೆ ತಾಳ್ಮೆಯಿಂದ ನೋಡುವುದನ್ನು ಲೋಕಕ್ಕೆ ಕಲಿಸಿದವರಲ್ಲಿ ಮರಿಯಾ ಮಾಂಟೆಸೊರಿ ಮುಖ್ಯರು. ಆಕೆ ವೈದ್ಯೆ. ೧೯೦೭ರ ಜನವರಿ ೬ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಸುಮಾರು ಮೂರು ವರ್ಷದ ಒಂದು ಹುಡುಗಿ ಮರದ ದಿಮ್ಮಿಯ ಕುಳಿಗಳಲ್ಲಿ ಸಣ್ಣ ದೊಡ್ಡ ಗುಂಡುಗಳನ್ನು ಕೂರಿಸುತ್ತ, ತೆಗೆಯುತ್ತ, ಮತ್ತೆ ಕೂರಿಸುತ್ತ ಇದ್ದುದನ್ನು ಆಕೆ ಕಂಡರು. ಇತರ ಮಕ್ಕಳನ್ನು ಹಾಡಿಸಿದರು, ಹುಡುಗಿ ಅಲುಗಲಿಲ್ಲ. ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಅವಳು ತನ್ನ ಗುಂಡುಗಳನ್ನು ಮಡಿಲಿಗೆ ಸೆಳೆದುಕೊಂಡು ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಬಾರಿ ಮಾಡಿ ಮುಗಿಸಿ, ನಿದ್ದೆಯಿಂದೆದ್ದವಳಂತೆ ಸುತ್ತ ನೋಡಿ ನಕ್ಕಳಂತೆ. ನನ್ನ ಕೈಯಲ್ಲಿದ್ದ ಪಟ್ಟಿ ಅಲ್ಲಿ ಇದ್ದಿದ್ದರೆ 'ಗುಂಪಿನ ಹಾಡಿನಲ್ಲಿ ಸೇರುತ್ತದೆಯೇ?' ಎಂಬುದರ ಎದುರು 'ಇಲ್ಲ' ಎಂದು ಬೀಳುತ್ತಿತ್ತು. ಮಾಂಟೆಸೊರಿ ಆ 'ಇಲ್ಲ'ದಲ್ಲಿಯೇ ಏಕಾಗ್ರತೆಯನ್ನು ಕಂಡರು. ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದ ಆಕೆ ಯುದ್ಧದ ಕಾರಣ ೧೯೪೬ರವರೆಗೆ ಭಾರತದಲ್ಲಿಯೇ ಉಳಿದು ಅನೇಕ ಉಪಾಧ್ಯಾಯರಿಗೆ ತರಬೇತಿ ಕೊಟ್ಟರು. ಅದಕ್ಕೂ ಮೊದಲು, ೧೯೨೦ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ವಕೀಲಿ ಬಿಟ್ಟು ಬಂದು ಬಾಲಮಂದಿರವನ್ನು ಆರಂಭಿಸಿದ್ದರು. ನೋಡುವ ಈ ಕಲೆ ನಮಗೆ ಪರಕೀಯವೇನೂ ಅಲ್ಲ.

ಮೂರನೆಯ ದಿನ ನಾನು ಪಟ್ಟಿಯನ್ನು ಮಡಿಸಿಟ್ಟು ಬರಿಯ ಹಾಳೆಯನ್ನು ಹಿಡಿದು ಕುಳಿತೆ. ಹನ್ನೊಂದು ಗಂಟೆಗೆ ಮಕ್ಕಳು ಬುತ್ತಿ ಬಿಚ್ಚಿದರು. ಹುಡುಗ ಬೇಗ ಉಂಡು, ಕೈ ತೊಳೆದು, ಜಗಲಿಗೆ ಹೋದ. ಅಲ್ಲಿ ಇಪ್ಪತ್ತಾರು ಮಕ್ಕಳ ಪಾದರಕ್ಷೆಗಳು ದಿಕ್ಕಾಪಾಲಾಗಿ ಬಿದ್ದಿದ್ದವು. ಅವನು ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದನ್ನೇ ಎತ್ತಿ ಜೋಡಿ ಮಾಡಿ ಗೋಡೆಯ ಉದ್ದಕ್ಕೂ ಸಾಲಾಗಿ ಇಟ್ಟ. ಒಂದೇ ಬಗೆಯ, ಒಂದೇ ಅಳತೆಯ ನೀಲಿ ಚಪ್ಪಲಿಗಳು ಎರಡು ಜೊತೆ ಇದ್ದವು. ಅವನ್ನು ತಿರುಗಿಸಿ ಅಡಿಯ ಸವೆತವನ್ನು ನೋಡಿ ಬೇರ್ಪಡಿಸಿದ. ಮನೆಗೆ ಹೋಗುವ ಗಂಟೆ ಹೊಡೆದಾಗ ಬಾಗಿಲ ಬಳಿ ನಿಂತು ಬಂದ ಬಂದ ಮಗುವಿನ ಮುಂದೆ ಅದರ ಜೋಡನ್ನು ತಳ್ಳಿದ. ಒಂದೂ ತಪ್ಪಲಿಲ್ಲ. ನಾಲ್ಕನೆಯ ದಿನವೂ ಹಾಗೆಯೇ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಗಮನಿಸಿಯೂ ಇರಲಿಲ್ಲ.

ಜೋಡಿಯನ್ನು ಗುರುತಿಸುವುದಿಲ್ಲ ಎಂದು ನಾನು ಬರೆದಿದ್ದ ಹುಡುಗ ಇವನು! ಕಾರ್ಡನ್ನು ತೆಗೆದು ನೋಡಿದೆ. ಅದರಲ್ಲಿದ್ದುದು ಉಣ್ಣೆಯ ಕೈಗವಸು, ಕಪ್ಪು ಮತ್ತು ಸಾಸರು, ಮಂಜಿನ ಮೇಲೆ ಜಾರುವ ಹಲಗೆ. ಅವುಗಳಲ್ಲಿ ಒಂದನ್ನೂ ಅವನು ಮುಟ್ಟಿರಲಾರ.

ಮಾತಿನ ಸಂಗತಿಯೂ ಹೀಗೆಯೇ ಬಯಲಾಯಿತು. ಐದನೆಯ ದಿನ ಆಯಾಳನ್ನು ಕೇಳಿದೆ. "ಅವನಾ? ಬಾಯಿ ಮುಚ್ಚಿದರಲ್ಲವೇ ಸ್ವಾಮಿ! ನೀರು ಕುಡಿಯಲು ಬಂದಾಗಲೆಲ್ಲ ಒಂದು ಕಥೆ" ಎಂದಳು. ಹುಡುಗನ ಮನೆಮಾತು ತೆಲುಗು; ತಂದೆತಾಯಿ ಬಳ್ಳಾರಿಯ ಆಚೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಆಯಾಳ ತವರೂ ಅದೇ ಕಡೆ. ಕಟ್ಟಡಕ್ಕೆ ಸಿಮೆಂಟು ಬಂದದ್ದು, ನಾಯಿ ಮರಿ ಹಾಕಿದ್ದು, ಮೇಸ್ತ್ರಿಯ ಸೈಕಲಿನ ಗಾಳಿ ಹೋದದ್ದು, ಎಲ್ಲವನ್ನೂ ಅವಳಿಗೆ ವರದಿ ಮಾಡುತ್ತಿದ್ದನಂತೆ. ಮಾತು ಬೆಳೆದಿರಲಿಲ್ಲವೆಂಬುದು ನಿಜ. ಬೆಳೆಯದೆ ಇದ್ದದ್ದು ನಮ್ಮ ತೆಲುಗು. ಆ ನಾಲ್ಕು ಹಾಳೆಗಳಲ್ಲಿ ಎಲ್ಲಿಯೂ ಆಯಾಳನ್ನು ಕೇಳಬೇಕೆಂಬ ಸೂಚನೆ ಇರಲಿಲ್ಲ.

ಇದು ಒಬ್ಬ ಮೇಷ್ಟರ ಅವಸರದ ಕಥೆ, ಇದರಲ್ಲಿ ತತ್ತ್ವವೇನು ಬಂತು ಎಂದು ಓದುಗರು ಕೇಳಬಹುದು. ನನ್ನನ್ನು ಕಾಡಿದ ಪ್ರಶ್ನೆ ಇದು: ಇನ್ನೂ ಆಗುತ್ತಿರುವ ಜೀವವನ್ನು ಕುರಿತು ಆಗಿಹೋದಂತೆ ಒಂದು ಮಾತನ್ನು ಬರೆದಿಡುವ ಅಧಿಕಾರ ನಮಗೆ ಎಲ್ಲಿಂದ ಬಂತು? ದೊಡ್ಡವನ ಮೇಲೆ ತೀರ್ಪು ಕೊಟ್ಟರೆ ಅವನು ಎದುರು ಹೇಳುತ್ತಾನೆ, ಮೇಲ್ಮನವಿ ಹಾಕುತ್ತಾನೆ. ಐದು ವರ್ಷದ ಮಗು ತನ್ನ ವಿಷಯವಾಗಿ ಬರೆದದ್ದನ್ನು ಓದಲಾರದು. ಆದರೆ ಅದನ್ನು ಓದಿದವರ ಕಣ್ಣಿನಲ್ಲಿ ದಿನವೂ ನೋಡುತ್ತ ಬೆಳೆಯುತ್ತದೆ.

ಹಾಗೆ ಬೆಳೆಯುವುದರಿಂದ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿದವರಿದ್ದಾರೆ. ರೋಸೆಂಥಾಲ್ ಮತ್ತು ಜೇಕಬ್‌ಸನ್ ಎಂಬಿಬ್ಬರು ಅಮೆರಿಕೆಯ ಕ್ಯಾಲಿಫೋರ್ನಿಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲವು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ಇವರು ಈ ವರ್ಷ ಚೆನ್ನಾಗಿ ಅರಳುವರೆಂದು ಪರೀಕ್ಷೆಯಿಂದ ತಿಳಿದಿದೆ ಎಂದು ಉಪಾಧ್ಯಾಯರಿಗೆ ಹೇಳಿದರು. ವರ್ಷದ ಕೊನೆಗೆ, ಅದರಲ್ಲಿಯೂ ಕೆಳಗಿನ ತರಗತಿಗಳಲ್ಲಿ, ಆ ಮಕ್ಕಳು ಹೆಚ್ಚು ಮುಂದುವರಿದಿದ್ದರೆಂದು ೧೯೬೮ರಲ್ಲಿ ಪ್ರಕಟಿಸಿದರು. ಅವರ ಲೆಕ್ಕವನ್ನು ಕುರಿತು ಅನಂತರ ಬಹಳ ವಾದವಾಗಿದೆ. ಪರಿಣಾಮ ಅಷ್ಟು ದೊಡ್ಡದಲ್ಲವೆಂದವರುಂಟು. ಆದರೆ ನಮ್ಮ ಎಣಿಕೆ ನಮ್ಮ ದನಿಯನ್ನು ಬದಲಿಸುತ್ತದೆ, ದನಿ ಮಗುವನ್ನು ಮುಟ್ಟುತ್ತದೆ ಎಂಬುದನ್ನು ಒಪ್ಪಲು ನಮ್ಮ ನಮ್ಮ ಬಾಲ್ಯದ ನೆನಪೇ ಸಾಕು.

ಒಳ್ಳೆಯ ಉದ್ದೇಶವಿದ್ದರೆ ಸಾಲದೇ ಎಂದರೆ, ಸಾಲದು. ಪ್ಯಾರಿಸಿನ ಆಲ್ಫ್ರೆಡ್ ಬಿನೆಟ್ ೧೯೦೫ರಲ್ಲಿ ಸೈಮನ್ ಅವರೊಡನೆ ಬುದ್ಧಿಯ ಅಳತೆಗೋಲನ್ನು ರಚಿಸಿದ್ದು, ಶಾಲೆಯಲ್ಲಿ ಹಿಂದುಳಿಯುವ ಮಕ್ಕಳಿಗೆ ವಿಶೇಷ ನೆರವು ಸಿಗಲೆಂದು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದದ್ದು, ಹೆಚ್ಚಿಸಲಾಗದ್ದು ಎಂಬ ನಿರಾಶೆಯನ್ನು ಅವರು ಬಲವಾಗಿ ವಿರೋಧಿಸಿದರು. ೧೯೧೧ರಲ್ಲಿ ಅವರು ತೀರಿಕೊಂಡ ಮೇಲೆ ಅದೇ ಕೋಲನ್ನು ಹಿಡಿದು ಜನರನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಿದರು. ಕೈಹಿಡಿದು ನಡೆಸಲು ಕೊಟ್ಟ ಕೋಲು ಅಡ್ಡಗಟ್ಟುವ ಗೇಟಾಯಿತು.

ಹಾಗಾದರೆ ನೋಡುವುದನ್ನೇ ಬಿಟ್ಟುಬಿಡೋಣವೇ? ಮಕ್ಕಳು ತಾವಾಗಿ ಬೆಳೆಯುತ್ತಾರೆ, ನಾವು ಬೆಳೆಯಲಿಲ್ಲವೇ, ಎಂದು ಹೇಳುವ ಹಿರಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಈ ಮಾತು ಕೇಳಲು ಹಿತ. ಆದರೆ ಇದರಲ್ಲಿಯೂ ಒಂದು ಕ್ರೌರ್ಯವಿದೆ. ನನ್ನ ಜೊತೆ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗ ಕರೆದರೆ ತಿರುಗುತ್ತಿರಲಿಲ್ಲ. ಮೊಂಡನೆಂದು ಅವನನ್ನು ಬಡಿದರು. ಮೂರನೆಯ ತರಗತಿಯ ಹೊತ್ತಿಗೆ ತಿಳಿಯಿತು, ಅವನಿಗೆ ಒಂದು ಕಿವಿ ಕೇಳಿಸುತ್ತಲೇ ಇರಲಿಲ್ಲ, ಇನ್ನೊಂದು ಅರ್ಧ. ಯಾರೂ ಅವನ ಮೇಲೆ ಪಟ್ಟಿ ತುಂಬಿರಲಿಲ್ಲ. ಯಾರೂ ಅವನನ್ನು ನೋಡಿಯೂ ಇರಲಿಲ್ಲ. ಕಣ್ಣು ಮಂದವಾದ ಮಗು, ಸ್ನಾಯು ಬಲಿಯದೆ ಬಳಪ ಹಿಡಿಯಲಾರದ ಮಗು, ಮನೆಯ ಜಗಳ ಕೇಳಿ ರಾತ್ರಿಯೆಲ್ಲ ಎಚ್ಚರವಿದ್ದ ಮಗು, ಇವರೆಲ್ಲರಿಗೂ ತಮ್ಮನ್ನು ಯಾರಾದರೂ ಗಮನಿಸುವುದು ಹಕ್ಕು. ನೋಡದಿರುವುದನ್ನು ಉದಾರತೆ ಎಂದು ಕರೆಯಲಾಗದು. ಆದುದರಿಂದ ನೋಡಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ನೋಡಿದ ಮೇಲೆ ಆಜ್ಞೆ ಯಾರಿಗೆ ಎಂಬುದೇ ಪ್ರಶ್ನೆ.

ಇದಕ್ಕೆ ನಮ್ಮ ಅಂಗನವಾಡಿಯಲ್ಲಿಯೇ ಒಂದು ಒಳ್ಳೆಯ ಮಾದರಿಯಿದೆ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಯ ಕಾರ್ಯಕರ್ತೆ ಮಗುವನ್ನು ತಕ್ಕಡಿಯಲ್ಲಿ ತೂಗಿ, ಬೆಳವಣಿಗೆಯ ನಕ್ಷೆಯಲ್ಲಿ ಒಂದು ಚುಕ್ಕಿ ಇಡುತ್ತಾಳೆ. ತೂಕ ಕಡಮೆಯಾಗಿದ್ದರೆ ಆ ಚುಕ್ಕಿಯ ಅರ್ಥವೇನು? ಈ ಮಗು ಅನ್ನಕ್ಕೆ ಸಿದ್ಧವಾಗಿಲ್ಲ, ಮುಂದಿನ ವರ್ಷ ಕರೆತನ್ನಿ, ಎಂದೇ? ಹಾಗೆಂದರೆ ಹುಚ್ಚೆನ್ನುತ್ತೇವೆ. ಇದಕ್ಕೆ ಇನ್ನೂ ಹೆಚ್ಚು ಉಣಿಸಿ ಎಂದು ಅರ್ಥ. ಆಜ್ಞೆ ದೊಡ್ಡವರಿಗೆ. ಹೊಟ್ಟೆಯ ವಿಷಯದಲ್ಲಿ ಇಷ್ಟು ಸುಲಭವಾಗಿ ತಿಳಿಯುವ ನ್ಯಾಯ ಅಕ್ಷರದ ವಿಷಯದಲ್ಲಿ ತಲೆಕೆಳಗಾಗುತ್ತದೆ. ಅಲ್ಲಿ ಕಡಮೆಯಿದ್ದವನನ್ನು ಬಾಗಿಲಿಂದಾಚೆ ನಿಲ್ಲಿಸುತ್ತೇವೆ.

ಕಾನೂನು ಇದನ್ನು ಅರ್ಧದಷ್ಟು ಕಂಡುಕೊಂಡಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಹದಿಮೂರನೆಯ ಪ್ರಕರಣ, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯರನ್ನಾಗಲಿ ಪರೀಕ್ಷಿಸಿ ಆರಿಸಕೂಡದೆಂದು ಹೇಳುತ್ತದೆ. ಆದರೆ ಆ ಕಾಯಿದೆಯ 'ಮಗು' ಆರರಿಂದ ಹದಿನಾಲ್ಕು ವರ್ಷದ್ದು. ಮೂರು, ನಾಲ್ಕು ವರ್ಷದ ಕೂಸುಗಳನ್ನು ಕುರ್ಚಿಯ ಮೇಲೆ ಕೂರಿಸಿ ಬಣ್ಣದ ಹೆಸರು ಕೇಳುವುದು ಇದರಿಂದ ನಿಂತಿಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಆ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ನಾವೇ, ಇಸ್ತ್ರಿ ಮಾಡಿದ ಉಡುಪಿನಲ್ಲಿ, ಮಗುವಿಗಿಂತ ಹೆಚ್ಚು ಬೆವರುತ್ತ ಕುಳಿತಿರುತ್ತೇವೆ. ನಾನೂ ಕುಳಿತಿದ್ದೇನೆ. ನನ್ನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಹೇಳದಿದ್ದಾಗ ದಾರಿಯುದ್ದಕ್ಕೂ ಅವಳೊಡನೆ ಮಾತಾಡದೆ ಮನೆಗೆ ಬಂದದ್ದು ಇಂದಿಗೂ ನೆನಪಾದಾಗ ನಾಚಿಕೆಯಾಗುತ್ತದೆ.

ವಯಸ್ಸಿನ ಗೆರೆಯ ಕಥೆಯೂ ಹೀಗೆಯೇ. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ ೧ಕ್ಕೆ ಆರು ವರ್ಷ ತುಂಬಿರಬೇಕೆಂದು ನಮ್ಮ ಸರ್ಕಾರ ೨೦೨೨ರಲ್ಲಿ ಆಜ್ಞೆ ಮಾಡಿತು. ೨೦೨೫ರಲ್ಲಿ ಆ ಸಾಲಿನ ಮಟ್ಟಿಗೆ ಐದು ವರ್ಷ ಐದು ತಿಂಗಳೆಂದು ಸಡಿಲಿಸಿತು. ನಡುವೆ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತೆಂಬುದನ್ನು ನಾನು ನೆರೆಹೊರೆಯಲ್ಲಿಯೇ ಕಂಡಿದ್ದೇನೆ. ಗೆರೆ ಎಲ್ಲಿಯಾದರೂ ಇರಲೇಬೇಕು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಗೆರೆ ಎಳೆದ ಮೇಲೂ ಒಂದೇ ತರಗತಿಯ ಹಿರಿಯ ಮಗುವಿಗೂ ಕಿರಿಯ ಮಗುವಿಗೂ ಹೆಚ್ಚು ಕಡಮೆ ಒಂದು ವರ್ಷದ ಅಂತರವಿರುತ್ತದೆ. ನಮಗೆ ನಲವತ್ತೈದು ದಾಟಿದವರಿಗೆ ಒಂದು ವರ್ಷವೆಂದರೆ ಒಂದು ಕ್ಯಾಲೆಂಡರು. ಐದು ವರ್ಷದವನಿಗೆ ಅದು ಬದುಕಿನ ಐದರಲ್ಲೊಂದು ಪಾಲು. ಕಿರಿಯವನ ಚಡಪಡಿಕೆ ಅವನ ವಯಸ್ಸೋ ದೋಷವೋ ಎಂಬುದನ್ನು ಗೆರೆ ಹೇಳಲಾರದು. ಪ್ರತಿದಿನ ನೋಡುವ ಕಣ್ಣು ಮಾತ್ರ ಹೇಳೀತು.

ಕಣ್ಣು ಇನ್ನೂ ಒಂದನ್ನು ನೋಡಬೇಕು. ಮಗು ಒಂಟಿಯಾಗಿ ಏನು ಮಾಡಬಲ್ಲದೆಂಬುದು ಅರ್ಧ ಸತ್ಯ. ಜೊತೆಗೊಬ್ಬರಿದ್ದರೆ ಏನು ಮಾಡಬಲ್ಲದೆಂಬುದು ಉಳಿದ ಅರ್ಧ. ೧೯೩೪ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ರಷ್ಯದ ವೈಗಾಟ್‌ಸ್ಕಿ ಇದನ್ನು ಒತ್ತಿ ಹೇಳಿದವರು. ಇಂದು ಕೈಹಿಡಿದರೆ ಮಾಡುವುದನ್ನು ಮಗು ನಾಳೆ ತಾನೇ ಮಾಡುತ್ತದೆ. ಹಾಗಿದ್ದ ಮೇಲೆ ಕೈಕಟ್ಟಿ ದೂರ ನಿಂತು ನೋಡುವವನಿಗೆ ಹದ ತಿಳಿಯುವುದಾದರೂ ಹೇಗೆ? ಅಜ್ಜ ಮಣ್ಣನ್ನು ಮುಟ್ಟಿ ನೋಡುತ್ತಿದ್ದರು. ಒಂದನೆಯ ತರಗತಿಗೆ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳು ಆಟಪಾಟಗಳಲ್ಲಿಯೇ ಶಾಲೆಯ ರೂಢಿ ಮಾಡಿಸಬೇಕೆಂದು ೨೦೨೧ರಲ್ಲಿ ಹೊರಟ 'ವಿದ್ಯಾ ಪ್ರವೇಶ' ಎಂಬ ಕ್ರಮದಲ್ಲಿ ಈ ತಿಳಿವಳಿಕೆಯಿದೆ. ಮಗು ಶಾಲೆಗೆ ಸಿದ್ಧವಾಗಲಿ ಎನ್ನುವುದರ ಜೊತೆಗೆ ಶಾಲೆಯೂ ಮಗುವಿಗೆ ಹದವಾಗಲಿ ಎಂಬ ಒಪ್ಪಿಗೆ ಅದು.

ನಮ್ಮ ಪುರಾಣದ ದೊಡ್ಡ ಉಪಾಧ್ಯಾಯನೂ ಒಮ್ಮೆ ಶಿಷ್ಯರನ್ನು ಪರೀಕ್ಷಿಸಿದ. ಮರದ ಮೇಲೆ ಹಕ್ಕಿಯನ್ನಿಟ್ಟು ಏನು ಕಾಣುತ್ತದೆಂದು ದ್ರೋಣ ಕೇಳಿದಾಗ ಧರ್ಮರಾಯ ಮರವನ್ನೂ ಹಕ್ಕಿಯನ್ನೂ ತಮ್ಮಂದಿರನ್ನೂ ಗುರುವನ್ನೂ ಕಂಡೆನೆಂದ. ಅವನನ್ನು ಆಚೆ ನಿಲ್ಲಿಸಿದರು. ಹಕ್ಕಿಯ ತಲೆಯೊಂದನ್ನೇ ಕಂಡ ಅರ್ಜುನ ಗೆದ್ದ. ಬಿಲ್ಲುವಿದ್ಯೆಗೆ ಆ ಪರೀಕ್ಷೆ ಸರಿ. ಆದರೆ ಈಚೆಗೆ ನನಗೆ ಧರ್ಮರಾಯನ ಉತ್ತರದ ಮೇಲೆ ಪ್ರೀತಿ ಹೆಚ್ಚಾಗಿದೆ. ಮರವೂ ಹಕ್ಕಿಯೂ ಜೊತೆಗಾರರೂ ಕಾಣುವ ಹುಡುಗನಲ್ಲವೇ ಮುಂದೆ ರಾಜ್ಯವನ್ನು ಆಳಬೇಕಾದವನು? ಪರೀಕ್ಷೆ ಕೇಳಿದ್ದನ್ನು ಮಾತ್ರ ಅಳೆಯಿತು. ಇನ್ನು ಏಕಲವ್ಯನನ್ನಂತೂ ಆ ಗುರು ನೋಡಲೇ ಇಲ್ಲ, ಕುಲ ಕೇಳಿ ಕಳುಹಿಸಿದ. ಕಾವಲುಗಾರನ ಮಗನೆಂಬ ಒಂದು ಸಂಗತಿ ನನ್ನ 'ಮಂಕು' ಎಂಬ ಪದದ ಹಿಂದೆ ಎಷ್ಟು ಕೆಲಸ ಮಾಡಿತ್ತು ಎಂಬುದನ್ನು ನಾನು ನನ್ನನ್ನೇ ಕೇಳಿಕೊಂಡಿದ್ದೇನೆ. ಏನೂ ಮಾಡಿರಲಿಲ್ಲವೆಂದು ಹೇಳುವ ಧೈರ್ಯ ಬರಲಿಲ್ಲ.

ಪಟ್ಟಿಯ ಅನುವಾದ ಮುಗಿಯಿತು. 'ಹೌದು', 'ಇಲ್ಲ'ಗಳನ್ನು ತೆಗೆದುಹಾಕಿ ಎಂದು ತಂಗಿಯೂ ನಾನೂ ಕೇಳಿಕೊಂಡೆವು. ಸಮಾಜದವರು ಒಪ್ಪಲಿಲ್ಲ; ಲೆಕ್ಕಕ್ಕೆ ಅವು ಬೇಕಂತೆ. ಪಕ್ಕದಲ್ಲಿ ಇನ್ನೆರಡು ಮನೆಗಳನ್ನು ಸೇರಿಸಲು ಒಪ್ಪಿದರು: 'ಏನು ಕಂಡಿತು', 'ನಾವು ಏನು ಮಾಡಬೇಕು'. ಇಪ್ಪತ್ತಾರು ಮಕ್ಕಳಿಗೆ ಅದನ್ನು ತುಂಬುವುದು ಒಬ್ಬಾಕೆಗೆ ಹೊರೆಯೇ. ತಂಗಿ ದಿನಕ್ಕೆ ಇಬ್ಬರಂತೆ, ತಲಾ ಹತ್ತು ನಿಮಿಷ, ಸರದಿಯ ಮೇಲೆ ನೋಡುತ್ತಾಳೆ. ತಿಂಗಳಿಗೊಮ್ಮೆ ಆಯಾಳನ್ನೂ ಕೂರಿಸಿಕೊಂಡು ಕೇಳುತ್ತಾಳೆ.

ಏಪ್ರಿಲಿನಲ್ಲಿ ಆ ದೊಡ್ಡ ಮನೆಯ ಕೆಲಸ ಮುಗಿದು, ಕಾವಲುಗಾರನ ಸಂಸಾರ ಹಾಸನದ ಕಡೆಯ ಇನ್ನೊಂದು ಕಟ್ಟಡಕ್ಕೆ ಹೊರಟಿತು. ಹುಡುಗನ ವಿಷಯವಾಗಿ ತಂಗಿ ಒಂದು ಹಾಳೆ ಬರೆದಳು. ಅವನು ಏನೇನು ಮಾಡುತ್ತಾನೆ, ಯಾವಾಗ ಮಾತಾಡುತ್ತಾನೆ, ಮೊದಲ ಕೆಲವು ವಾರ ಅವನೊಡನೆ ತೆಲುಗು ಬಲ್ಲವರು ಯಾರಾದರೂ ಇರುವುದು ಒಳ್ಳೆಯದು, ಇಷ್ಟೇ. ಅದನ್ನು ಓದಿ ಹೇಳಿದಳು. ಆಯಾ ತೆಲುಗಿನಲ್ಲಿ ತಂದೆಗೆ ತಿಳಿಸಿದಳು. ಚಪ್ಪಲಿಯ ಮಾತು ಬಂದಾಗ ಆತ ತಲೆ ತಗ್ಗಿಸಿ ನಕ್ಕು, ಮನೆಯಲ್ಲಿಯೂ ಹಾಗೆಯೇ ಮಾಡುತ್ತಾನೆ ಎಂದ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಮುಂದಿನ ಶಾಲೆಯಲ್ಲಿ ಅದನ್ನು ಯಾರಾದರೂ ಬಿಚ್ಚಿ ಓದಿದರೋ ಇಲ್ಲವೋ ನಮಗೆ ತಿಳಿಯದು.

ನಾನು ಮೊದಲ ಎರಡು ದಿನದಲ್ಲಿ ತುಂಬಿದ ಪಟ್ಟಿ ನನ್ನಲ್ಲಿಯೇ ಇದೆ. ಹರಿದು ಹಾಕೋಣವೆಂದುಕೊಂಡೆ, ಆಗಲಿಲ್ಲ. ಪ್ರತಿ ವರ್ಷ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಆಂತರಿಕ ಅಂಕ ಹಾಕಿ ಷರಾ ಬರೆಯುವ ದಿನ ಬರುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ಇಡೀ ವರ್ಷ ಬಾಯಿ ಬಿಡದ ಹುಡುಗರು ಅಲ್ಲಿಯೂ ಮೂರು ನಾಲ್ಕು ಜನ ಇರುತ್ತಾರೆ. ಈ ಸಲ ಆ ದಿನ ಬಂದಾಗ ಮೇಜಿನ ಡ್ರಾಯರಿನಿಂದ ಆ ಪಟ್ಟಿಯನ್ನು ತೆಗೆದು ಎದುರಿಗಿಟ್ಟುಕೊಂಡು ಕುಳಿತೆ. ಮೂರು ಹೆಸರುಗಳ ಮುಂದೆ ಏನನ್ನೂ ಬರೆಯಲಾಗಲಿಲ್ಲ. ಮಾರನೆಯ ದಿನ ಅವರನ್ನು ಒಬ್ಬೊಬ್ಬರನ್ನಾಗಿ ಚಹಾಕ್ಕೆ ಕರೆದೆ.